ಮೂಲೆ ಉಜ್ಜಬಾರದ ಅಕ್ಷರ

“ಇದು ಬೇಕರಿನಾ, ಬ್ಲೇಡು ಮಾಡೋ ಕಾರ್ಖಾನೆನಾ? ಹೇಳು! ಬಾಯಿಗೇನು ಅಂಟು ಹಾಕ್ಕೊಂಡಿದೀಯಾ?”

ಕತ್ತರಿ ಅಕ್ಕ ತನ್ನ ತಮ್ಮನ ಮೇಲೆ ಎಗರಿದ ಕೂಗಿಗೆ ಎದುರಿನ ಔಷಧಿ ಅಂಗಡಿಯವನು ಗಿರಾಕಿಯ ಚೀಟಿ ಓದುವುದನ್ನು ಬಿಟ್ಟು ಕತ್ತೆತ್ತಿ ನೋಡಿದ. ಬೋರ್ಡಿನ ವರ್ಕ್‌ಶಾಪಿನಲ್ಲಿ ಜಗಳವಾದರೆ ಬೀದಿಗೆಲ್ಲ ಪುಕ್ಕಟೆ ಮನರಂಜನೆ. ಅಕ್ಕ ತಗಡು ಕತ್ತರಿಸಿ ಅಕ್ಷರ ಮಾಡುವವಳು. ಬೈಯುವಾಗಲೂ ಕೈಯಲ್ಲಿ ತಗಡಿನ ಕತ್ತರಿ ಹಿಡಿದೇ ಬೈಯುತ್ತಿದ್ದಳು. ಹೊಸಬರು ಹೆದರಿ ಎರಡು ಹೆಜ್ಜೆ ಹಿಂದೆ ಸರಿಯುತ್ತಿದ್ದರು.

ಜಗಳಕ್ಕೆ ಕಾರಣವಾದ ಬೋರ್ಡು ಗೋಡೆಗೆ ಒರಗಿ ನಿಂತಿತ್ತು. ಅದರ ಮೇಲೆ ಬೇಕರಿಯ ಹೆಸರು, ಕೆಂಪು ತಗಡಿನಲ್ಲಿ. ನಮ್ಮ ಅಕ್ಷರಗಳೆಲ್ಲ ಗುಂಡಗೆ ಇರುವಂಥವು, ಹೊಟ್ಟೆ ತುಂಬ ಉಂಡು ಕೂತಂಥವು. ಈ ಬೋರ್ಡಿನ ಅಕ್ಷರಗಳಲ್ಲಿ ಮಾತ್ರ ಒಂದು ತಿರುವೂ ಇರಲಿಲ್ಲ. ಎಲ್ಲ ನೇರ ಗೆರೆ, ಎಲ್ಲ ಮೂಲೆ. ಪ್ರತಿ ಗೆರೆಯೂ ಬಲಕ್ಕೆ ವಾಲಿ, ತುದಿಯಲ್ಲಿ ಚೂಪಾಗಿ ನಿಲ್ಲುತ್ತಿತ್ತು. ಮುಂದಿನ ಶತಮಾನದವರು ಯಾರೋ ಬಂದು ತಗುಲಿಹಾಕಿ ಹೋದ ಹಾಗಿತ್ತು.

ಬೇಕರಿಯ ಬ್ರೆಡ್ಡಣ್ಣ ಮೊಣಕೈವರೆಗೆ ಹಿಟ್ಟು ಮೆತ್ತಿಕೊಂಡೇ ಬಂದಿದ್ದ. “ಅಕ್ಕಾ, ನಾನು ಜಗಳಕ್ಕೆ ಬಂದಿಲ್ಲ. ಆದ್ರೆ ಬೋರ್ಡು ಹಾಕಿದಾಗಿಂದ ಜನ ಒಳಗೆ ಬಂದು ಸ್ಪ್ಯಾನರ್ ಇದ್ಯಾ ಅಂತ ಕೇಳ್ತಾರೆ. ಒಬ್ಬ ಗರಗಸ ತಂದು, ಹಲ್ಲು ಚೂಪು ಮಾಡ್ಕೊಡಿ ಅಂದ. ನಾನು ಬನ್ನು ಮಾರೋನು ಕಣಮ್ಮ!”

ಏಣಿಯ ಮೇಲಿದ್ದ ಅಕ್ಕನ ಗಂಡ ಕಿಸಕ್ಕನೆ ನಕ್ಕ. ಬೋರ್ಡು ಏರಿಸುವುದು, ಇಳಿಸುವುದು, ಟೆಂಪೊ ಓಡಿಸುವುದು ಅವನ ಕೆಲಸ. ಹಗಲೆಲ್ಲ ಏಣಿಯ ಮೇಲೆಯೇ ಇರುತ್ತಿದ್ದುದರಿಂದ ಜನ ಅವನನ್ನು ಏಣಿ ಎಂದೇ ಕರೆಯುತ್ತಿದ್ದರು.

“ನೀವು ನಗಬೇಡಿ, ಕೆಳಗೆ ಬಿದ್ದೀರಿ,” ಎಂದು ಅಕ್ಕ ಅವನಿಗೂ ಒಂದು ಕೊಟ್ಟು ತಮ್ಮನ ಕಡೆ ತಿರುಗಿದಳು. “ಗುಂಡಕ್ಷರ ಹಾಕು ಅಂದಿದ್ದೆ ತಾನೆ? ಬನ್ನು ಗುಂಡಗಿರುತ್ತೆ, ಕೇಕು ಗುಂಡಗಿರುತ್ತೆ, ಬ್ರೆಡ್ಡಣ್ಣನ ಹೊಟ್ಟೆನೂ ಗುಂಡಗಿದೆ.”

“ಅದನ್ಯಾಕೆ ಮಧ್ಯ ಎಳೀತೀಯಾ?” ಎಂದ ಬ್ರೆಡ್ಡಣ್ಣ.

ತಮ್ಮ ಮೂವತ್ತು ದಾಟಿದವನು, ತೆಳ್ಳಗೆ, ಮೊಳಕೈ ಮೊಣಕಾಲೆಲ್ಲ ಎದ್ದು ಕಾಣುವಂಥವನು. ಅಕ್ಕನಿಗೆ ಅವನು ಇನ್ನೂ ಮರಿ. “ಅದು ಹೊಸ ಅಕ್ಷರ. ಜನಕ್ಕೆ ಅಭ್ಯಾಸ ಆಗ್ಬೇಕು,” ಎಂದ.

“ಬನ್ನು ತಿನ್ನೋಕೆ ಅಭ್ಯಾಸ ಮಾಡ್ಕೊಂಡು ಬರಬೇಕೇನೋ? ಹಲ್ಲಿನ ಡಾಕ್ಟ್ರಿಗೂ ಇದನ್ನೇ ಹಾಕಿದೆ. ಪೇಷೆಂಟು ಬಾಗಿಲ ತನಕ ಬಂದು, ಬೋರ್ಡು ನೋಡಿ, ಕೆನ್ನೆ ಹಿಡ್ಕೊಂಡು ವಾಪಸ್ ಓಡಿದ!”

“ನಿಂಗೆ ನನ್ನ ಅಕ್ಷರ ಕಂಡ್ರೆ ಆಗಲ್ಲ. ಯಾವತ್ತೂ ಆಗ್ಲಿಲ್ಲ.”

“ಹೌದು, ಆಗಲ್ಲ! ಏನಿವಾಗ?”

ತಮ್ಮ ಕೂಗಲಿಲ್ಲ. ದನಿ ತಗ್ಗಿಸಿ ಹೇಳಿದ. “ಸರಿ ಬಿಡಕ್ಕ. ನಾನೆಲ್ಲಾದ್ರೂ ಹೊರಟ್ಹೋಗ್ತೀನಿ.”

“ಹೋಗು! ಯಾರು ಕಾಲು ಕಟ್ಕೊಂಡಿದಾರೆ?”

ಅವನು ಹೋದ. ಹೋಗಿದ್ದು ಮೇಲಿನ ಕೋಣೆಗಷ್ಟೆ. ಮರದ ಮೆಟ್ಟಿಲು ಕಿರುಗುಟ್ಟಿತು, ಬಾಗಿಲು ಮುಚ್ಚಿತು. ಬ್ರೆಡ್ಡಣ್ಣ ಹಳೆಯ ಬೋರ್ಡನ್ನೇ ಮತ್ತೆ ಹಾಕಿಕೊಡಿ ಎಂದು ಹೇಳಿ ಜಾರಿಕೊಂಡ. ಅಕ್ಕ ಕತ್ತರಿ ಕೈಯಲ್ಲಿ ಹಿಡಿದುಕೊಂಡೇ, ಮಂಚದಡಿಯಿಂದ ಬ್ಯಾಗು ಎಳೆದ ಸದ್ದು ಕೇಳೀತೇನೋ ಎಂದು ಮಾಳಿಗೆಗೆ ಕಿವಿಗೊಟ್ಟು ನಿಂತಳು.

ಅವನು ಕೂಗಿದ್ದರೆ ಅವಳಿಗೆ ಭಯವಿರಲಿಲ್ಲ. ಕೂಗಾಟ ಆ ಮನೆಯಲ್ಲಿ ಉಪ್ಪಿದ್ದ ಹಾಗೆ. ಅವನು ದನಿ ತಗ್ಗಿಸಿದ್ದೇ ಅವಳ ಎದೆಯಲ್ಲಿ ಕೂತಿತ್ತು.

ಅಮ್ಮ ಸತ್ತಾಗ ಮರಿ ಇನ್ನೂ ಅಂಬೆಗಾಲಿಡುತ್ತಿದ್ದ. ಅಪ್ಪನಿಗೆ ತಗಡು ಕತ್ತರಿಸಲು ಬರುತ್ತಿತ್ತು, ಮಗುವಿಗೆ ಗಂಜಿ ಕುಡಿಸಲು ಬರುತ್ತಿರಲಿಲ್ಲ. ಅಕ್ಕ ಕಂಕುಳಲ್ಲಿ ಅವನನ್ನಿಟ್ಟುಕೊಂಡೇ ಕೆಲಸ ಕಲಿತಳು. ಹೆಣ್ಣು ನೋಡಲು ಬಂದವರಿಗೆಲ್ಲ, “ಇವನೂ ಬರ್ತಾನೆ, ಆಗತ್ತಾ?” ಎಂದು ಮೊದಲೇ ಕೇಳುತ್ತಿದ್ದಳು. ಬಂದವರು ತಿಂಡಿ ಮುಗಿಸಿ ಎದ್ದುಹೋಗುತ್ತಿದ್ದರು. ಏಣಿ ಮಾತ್ರ, “ಒಂದಕ್ಕೆ ಒಂದು ಫ್ರೀನಾ? ಸಂತೋಷ,” ಎಂದಿದ್ದ. ಆ ಒಂದು ಮಾತಿಗೆ ಅಕ್ಕ ಅವನನ್ನು ಮದುವೆಯಾದಳು. ಆಮೇಲೆ ಅವನು ಹೇಳಿದ ಜೋಕುಗಳಲ್ಲಿ ಒಂದಕ್ಕೂ ನಕ್ಕಿಲ್ಲ, ಅದು ಬೇರೆ.

ಆ ಚೂಪು ಅಕ್ಷರ ಹುಟ್ಟಿದ್ದೂ ಅವಳ ಬೈಗುಳದಿಂದಲೇ. ಮರಿ ಸಣ್ಣವನಿದ್ದಾಗ ಪೇಂಟು ಮುಟ್ಟಿದರೆ ಬೈಯುತ್ತಿದ್ದಳು, ಬ್ರಷ್ ಮುಟ್ಟಿದರೆ ಹೊಡೆಯುತ್ತಿದ್ದಳು, ಕತ್ತರಿಯಂತೂ ಕಣ್ಣಿಗೇ ಬೀಳದಂತೆ ಎತ್ತಿಡುತ್ತಿದ್ದಳು. ಅವನ ಕೈಗೆ ಸಿಗುತ್ತಿದ್ದುದು ಮುಗಿಯುತ್ತ ಬಂದ ಕಾಗದದ ಟೇಪಿನ ಸುರುಳಿಗಳು ಮಾತ್ರ. ಅವನು ಟೇಪು ಹರಿದು ಹರಿದು ನೆಲಕ್ಕೆ ಅಂಟಿಸಿ ಅಕ್ಷರ ಕಲಿತ. ಟೇಪು ಬಾಗುವುದಿಲ್ಲ. ಹಾಗಾಗಿ ಊರಿನ ಮಕ್ಕಳೆಲ್ಲ ಗುಂಡಗೆ ತಿದ್ದಿದ ಅಕ್ಷರವನ್ನು ಇವನು ಮುರಿದು ಮುರಿದು, ಮೂಲೆ ಮೂಲೆಯಾಗಿ ತಿದ್ದಿದ. ನೆಲ ಹಾಳಾಯಿತೆಂದು ಅಕ್ಕ ಅದಕ್ಕೂ ಬೈದಳು. ದೊಡ್ಡವನಾದ ಮೇಲೆ ಅದೇ ಅಕ್ಷರವನ್ನು ಕಂಪ್ಯೂಟರಿಗೆ ಹಾಕಿ, ಪ್ರತಿ ಗೆರೆಯ ವಾಲು ಸರಿಮಾಡಿ, ವರ್ಷಗಟ್ಟಲೆ ಅದರ ಜೊತೆ ಕೂತ. ಬೀದಿಯವರು ಅವನಿಗೆ ಮೂಲೆ ಎಂದು ಹೆಸರಿಟ್ಟರು. ಅವನಿಗೆ ಬೇಸರವಾಗಲಿಲ್ಲ. ಯಾರಾದರೂ ಒಬ್ಬರು ಆ ಅಕ್ಷರ ಇರುವ ಕಡೆ ನಿಂತು, ಇದು ಇಲ್ಲೇ ಇರಬೇಕಾದದ್ದು ಅನ್ನಲಿ ಎಂದು ಕಾಯುತ್ತಿದ್ದ. ಯಾರೂ ಅನ್ನಲಿಲ್ಲವಾಗಿ ಸಿಕ್ಕ ಸಿಕ್ಕ ಕಡೆಗೆಲ್ಲ ಅದನ್ನು ಹಾಕುತ್ತಿದ್ದ.

ಮರುದಿನ ಟೆಂಪೊದಲ್ಲಿ ಅಕ್ಕ ಗಂಡನಿಗೆ ಹೇಳಿದಳು: “ಅವನ ಅಕ್ಷರಕ್ಕೊಂದು ಜಾಗ ಹುಡುಕ್ಬೇಕು.”

“ನಿನ್ನೆ ತಾನೆ ಹೋಗು ಅಂದೆ.”

“ಅಂದೆ. ಅದಕ್ಕೇ ಹುಡುಕ್ಬೇಕು. ಅವನ ಕೆಲಸಕ್ಕೆ ಇಲ್ಲೇ ಗಿರಾಕಿ ಸಿಕ್ರೆ ಅವನ್ಯಾಕೆ ಹೋಗ್ತಾನೆ? ಗಾಡಿ ನಿಧಾನಕ್ಕೆ ಬಿಡಿ.”

ತಮ್ಮನಿಗೆ ತಿಳಿಯದಂತೆ ತಂದಿದ್ದ ಅಕ್ಷರದ ನಮೂನೆಯನ್ನು ಅವಳು ಕಿಟಕಿಯ ಹೊರಗೆ ಹಿಡಿದುಕೊಂಡಳು. ಒಂದೊಂದು ಅಂಗಡಿಯ ಮುಂದೆಯೂ ಕಣ್ಣು ಕಿರಿದು ಮಾಡಿ, ಅಲ್ಲಿನ ಬೋರ್ಡಿನ ಜಾಗದಲ್ಲಿ ಇದನ್ನಿಟ್ಟು ನೋಡಿದಳು. ಹೂವಿನಂಗಡಿ ಆಗಲಿಲ್ಲ. ಟೈಲರ್ ಅಂಗಡಿಗೆ ಇಟ್ಟರೆ ಬಟ್ಟೆಯೊಳಗೆ ಸೂಜಿ ಮರೆತಿದ್ದಾರೆ ಅನ್ನಿಸಿತು. ಕಣ್ಣಾಸ್ಪತ್ರೆಯ ಮುಂದೆ ಏಣಿ ಗಾಡಿಯನ್ನು ನಿಲ್ಲಿಸಲೇ ಇಲ್ಲ, “ಬೇಡ ಮಾರಾಯ್ತಿ, ಪಾಪ,” ಎಂದು ಮುಂದೆ ಹೋದ. ಗರಡಿ ಮನೆಯಂಥ ಜಿಮ್ಮೊಂದಿತ್ತು, ಅದಕ್ಕೆ ಕೊಂಚ ಒಪ್ಪುತ್ತಿತ್ತು. ಆದರೆ ಅದರ ಮಾಲೀಕನಿಗೆ ಅಕ್ಷರಕ್ಕೂ ರಟ್ಟೆ ಬೇಕಂತೆ. ಲಿಫ್ಟ್ ರಿಪೇರಿಯವರು ಮೆಚ್ಚಿದರು, ಅಂಗೈಯಗಲದ ಪಟ್ಟಿಯಲ್ಲಿ ವಿಳಾಸ, ಫೋನು, ರಜೆಯ ದಿನ ಎಲ್ಲವನ್ನೂ ಅದರಲ್ಲೇ ಬರೆದುಕೊಡಿ ಎಂದರು. ಅಕ್ಕ ಬರೆದು ನೋಡಿದಳು. ಮುಳ್ಳಿನ ಬೇಲಿಯಾಯಿತು.

ಹೀಗೆ ತಿರುಗುತ್ತ ತಿರುಗುತ್ತ ಅವಳಿಗೆ ಆ ಅಕ್ಷರದ ಸ್ವಭಾವ ಸ್ವಲ್ಪ ಸ್ವಲ್ಪ ಗೊತ್ತಾಗತೊಡಗಿತು. ಸಣ್ಣದಾಗಿ ಬರೆದರೆ ಅದು ಸಾಯುತ್ತದೆ. ಉದ್ದ ವಾಕ್ಯ ಬರೆದರೆ ಓದುವವನಿಗೆ ತಲೆನೋವು. ಜನ ಕೂತು ಕಾಯುವ ಜಾಗದಲ್ಲಿ ಹಾಕಲೇಬಾರದು, ನೋಡುತ್ತ ನೋಡುತ್ತ ಮೈ ಚುಚ್ಚುತ್ತದೆ. ಒಂದೇ ಪದ, ಹೆಚ್ಚೆಂದರೆ ಎರಡು, ಅದೂ ದೊಡ್ಡದಾಗಿ. ಇಷ್ಟು ತಿಳಿದರೂ ಎಲ್ಲಿ ಎಂಬುದು ತಿಳಿಯಲಿಲ್ಲ.

ತಿಳಿದದ್ದು ಅವಳು ಸುಸ್ತಾಗಿ ನಮೂನೆಯನ್ನು ಗಾಡಿಯ ಬಾಗಿಲಿಗೇ ಅಂಟಿಸಿ ಕೂತ ದಿನ. ಗಾಜಿನ ಗೋಡೆಯ ದೊಡ್ಡ ಅಂಗಡಿಯೊಂದರ ಮುಂದೆ ಟೆಂಪೊ ರಭಸದಿಂದ ಹೋಯಿತು. ಗಾಜಿನಲ್ಲಿ ಅವರದೇ ಗಾಡಿ ಓಡುತ್ತಿತ್ತು, ಅದರ ಬಾಗಿಲಲ್ಲಿ ಚೂಪು ಗೆರೆಗಳು. ಗಾಜಿನಲ್ಲಿ ಎಲ್ಲ ತಿರುಗುಮುರುಗಾಗಿದ್ದರೂ ಆ ಗೆರೆಗಳೆಲ್ಲ ಸಾಲು ಹಿಡಿದು, ಗಾಳಿಯನ್ನು ಸೀಳಿಕೊಂಡು ಹೋಗುವ ಹಾಗೆ ಕಂಡವು. ನಿಂತಾಗ ಮುಳ್ಳಿನ ರಾಶಿಯಾಗಿದ್ದದ್ದು ಓಡುವಾಗ ಅಕ್ಷರವಾಗಿತ್ತು.

“ನಿಲ್ಸಿ! ಹಿಂದಕ್ಕೆ ಹೋಗಿ! ಇನ್ನೊಂದ್ಸಲ ಅಷ್ಟೇ ಜೋರಾಗಿ ಬನ್ನಿ!”

“ತಲೆ ಕೆಟ್ಟಿದ್ಯಾ ನಿಂಗೆ?”

“ಕೆಟ್ಟಿದೆ. ಬನ್ನಿ ಅಂದ್ನಲ್ಲ!”

ಸುತ್ತು ಹಾಕಿ ಬಂದರು. ಮತ್ತೆ ಬಂದರು. ಏಣಿಯೂ ನೋಡಿದ. ಈ ಸಲ ಅವನು ಜೋಕು ಮಾಡಲಿಲ್ಲ.

ಊರಾಚೆಯ ಕ್ರೀಡಾಂಗಣದಲ್ಲಿ ಸೈಕಲ್ ರೇಸಿನ ತಂಡವೊಂದು ಬಂದು ಬಿಡಾರ ಹೂಡಿತ್ತು. ಅಕ್ಕ ಸೀದಾ ಅಲ್ಲಿಗೆ ಹೋಗಿ, ಸೀಟಿ ಊದುತ್ತಿದ್ದ ಹೆಂಗಸಿನ ಮುಂದೆ ನಿಂತಳು. ತಂಡದವರು ಅವಳನ್ನು ಕೋಚಮ್ಮ ಎನ್ನುತ್ತಿದ್ದರು. ಅವಳೂ ಅಕ್ಕನ ವಯಸ್ಸಿನವಳೇ, ಅಕ್ಕನಷ್ಟೇ ದೊಡ್ಡ ಗಂಟಲಿನವಳು.

“ನಿಮ್ಮ ಸೈಕಲ್ ಮೇಲೆ ಏನು ಬರೆದಿದೆ?” ಎಂದಳು ಅಕ್ಕ.

“ತಂಡದ ಹೆಸರು. ಕಾಣಲ್ವಾ?”

“ಕಾಣಲ್ಲ. ಅದನ್ನೇ ಹೇಳೋಕೆ ಬಂದೆ. ಗುಂಡಕ್ಷರನ ಅಷ್ಟು ಸಣ್ಣ ಕೊಳವೆಗೆ ಸುತ್ತಿದ್ರೆ ಅರ್ಧ ಆಕಡೆ ಹೋಗತ್ತೆ, ಅರ್ಧ ಈಕಡೆ. ಸೈಕಲ್ ಓಡಿದ್ರೆ ಅದೂ ಇಲ್ಲ.”

ಕೋಚಮ್ಮ ಸೀಟಿಯನ್ನು ಬಾಯಿಂದ ತೆಗೆದು ಅವಳನ್ನು ಮೇಲಿಂದ ಕೆಳಗೆ ನೋಡಿದಳು. “ಯಾರು ನೀವು?”

“ಬೋರ್ಡಿನವಳು. ನನ್ನ ತಮ್ಮನ ಹತ್ರ ಒಂದು ಅಕ್ಷರ ಇದೆ. ಅದು ಕೊಳವೆ ಮೇಲೆ ನೆಟ್ಟಗೆ ಮಲಗತ್ತೆ. ಒಂದು ಸೈಕಲ್ ಕೊಡಿ, ಆಗ್ಲಿಲ್ಲಾಂದ್ರೆ ನಾನೇ ಉಜ್ಜಿ ತೆಗೀತೀನಿ.”

ತಂಡದವರು ಒಂದು ಹಳೆಯ ಸೈಕಲ್ ಕೊಟ್ಟರು. ಅದನ್ನು ಟೆಂಪೊದಿಂದ ಇಳಿಸಿದಾಗ ತಮ್ಮ ಮೊದಲು ಅಕ್ಕನ ಮುಖ ನೋಡಿದ, ಆಮೇಲೆ ಸೈಕಲ್ ನೋಡಿದ. ಬೆರಳಿನಿಂದ ಕೊಳವೆಯ ಉದ್ದಕ್ಕೂ ಸವರಿದ. “ಟೇಪು ಎಲ್ಲಿ?” ಎಂದಷ್ಟೇ ಕೇಳಿದ.

ಆ ಸೈಕಲ್ಲನ್ನು ನೋಡಿದ ಮೇಲೆ ಕೋಚಮ್ಮ ಉಳಿದವನ್ನೆಲ್ಲ ಕಳಿಸಿದಳು. ತಂಡದ ವ್ಯಾನಿನ ನೆತ್ತಿಯ ಮೇಲೆ ನಿಲ್ಲಿಸಲು ತಗಡಿನ ಹೆಸರೂ ಬೇಕೆಂದಳು. ವರ್ಕ್‌ಶಾಪಿನ ತುಂಬ ಸೈಕಲ್ಲು. ತಮ್ಮನ ಕೆಲಸ ಟೇಪು ಹರಿದು ಅಂಟಿಸುವುದು, ಗಾಳಿಯಿಂದ ಬಣ್ಣ ಹೊಡೆಯುವುದು, ಟೇಪು ಬಿಚ್ಚುವುದು. ಬಿಚ್ಚಿದಾಗಲೆಲ್ಲ ಚೂಪು ಗೆರೆಗಳು ಹೊಳೆಯುತ್ತ ಹೊರಬರುತ್ತಿದ್ದವು. ಅವನು ಸಿಳ್ಳೆ ಹಾಕುತ್ತಿದ್ದ. ಅವನಿಗೆ ಸಿಳ್ಳೆ ಬರುತ್ತದೆಂಬುದೇ ಅಕ್ಕನಿಗೆ ಗೊತ್ತಿರಲಿಲ್ಲ. ಈ ತಂಡ ಆದಮೇಲೆ ಇನ್ನೊಂದು ತಂಡ, ಹೀಗೇ ಒಂದರ ಹಿಂದೊಂದು ಬಂದರೆ ಮರಿ ಇಲ್ಲೇ ಇರುತ್ತಾನೆ ಎಂದು ಅವಳು ಮನಸ್ಸಿನಲ್ಲೇ ಮಂಡಿಗೆ ಮೆದ್ದಳು.

ವ್ಯಾನಿನ ಅಕ್ಷರ ಕತ್ತರಿಸುವುದು ಅವಳ ಪಾಲಿಗೆ ಬಂತು. ಮರಿ ಕ್ರೀಡಾಂಗಣಕ್ಕೆ ಹೋಗಿದ್ದಾಗ ಕೂತು, ಊಟಕ್ಕೂ ಏಳದೆ, ಅವನು ಗೆರೆ ಹಾಕಿಟ್ಟ ಹಾಗೆಯೇ ಒಂದು ಕೂದಲೂ ಆಚೀಚೆಯಾಗದಂತೆ ಕತ್ತರಿಸಿದಳು. ಕತ್ತರಿಸಿ, ಅರ ಕೈಗೆತ್ತಿಕೊಂಡು ಒಂದೊಂದೇ ಮೂಲೆಯನ್ನು ಉಜ್ಜಿದಳು. ಆ ವರ್ಕ್‌ಶಾಪಿನಿಂದ ಉಜ್ಜದ ಮೂಲೆ ಹೊರಗೆ ಹೋದದ್ದಿಲ್ಲ. ಅಪ್ಪನ ಕಾಲದ ಕಟ್ಟುನಿಟ್ಟು ಅದು: ತಗಡಿನ ಮೂಲೆ ಯಾರದಾದರೂ ಕೈ ಕುಯ್ದರೆ ಅದು ಕತ್ತರಿಸಿದವನಿಗೆ ಅವಮಾನ. ಇದು ತಮ್ಮನ ಕೆಲಸವಾದ್ದರಿಂದ ಅವಳು ಇನ್ನೂ ಜಾಸ್ತಿ ಉಜ್ಜಿದಳು. ಹೆಬ್ಬೆರಳಿನಿಂದ ಸವರಿ ನೋಡಿ, ಮತ್ತೆ ಉಜ್ಜಿ, ಮಗುವಿನ ಕೆನ್ನೆಯ ಹಾಗೆ ನುಣುಪು ಮಾಡಿ, ಮೇಜಿನ ಮೇಲೆ ಸಾಲಾಗಿ ಜೋಡಿಸಿ ಕಾದು ಕೂತಳು.

ತಮ್ಮ ಬಂದು ನೋಡಿದ. ಸಿಳ್ಳೆ ನಿಂತಿತು.

“ಅಕ್ಕ... ಉಜ್ಜಿಬಿಟ್ಯಾ?”

“ಉಜ್ಜದೆ? ಕೈ ಕುಯ್ಯತ್ತೆ.”

“ಯಾರ ಕೈ ಅಕ್ಕ? ವ್ಯಾನಿನ ನೆತ್ತಿ ಮೇಲಿರತ್ತೆ. ಯಾರೂ ಮುಟ್ಟಲ್ಲ.”

ಅವಳು ಬಾಯಿ ತೆರೆದಳು. ಬೈಗುಳ ನಾಲಿಗೆಯ ತುದಿಯಲ್ಲಿ ತಯಾರಾಗಿತ್ತು. ಆದರೆ ಮೇಜಿನ ಕಡೆ ಕಣ್ಣು ಹೋಯಿತು. ಅಲ್ಲಿದ್ದದ್ದು ಅವನ ಅಕ್ಷರವಾಗಿರಲಿಲ್ಲ. ಗುಂಡಗೂ ಇಲ್ಲದ, ಚೂಪೂ ಇಲ್ಲದ, ಚೀಪಿ ಬಿಟ್ಟ ಬಿಸ್ಕತ್ತಿನಂಥ ಏನೋ ಆಗಿತ್ತು. ಮೊದಲ ದಿನದಿಂದ ಈ ಅಕ್ಷರವನ್ನು ಬೈದವಳು ಅವಳು, ಆದರೆ ಬೈದಾಗ ಅದು ಹಾಳಾಗಿರಲಿಲ್ಲ. ಮುದ್ದು ಮಾಡಲು ಹೋಗಿ ಹಾಳು ಮಾಡಿದ್ದಳು.

“ಹೊಸ ತಗಡು ತಾ,” ಎಂದಳು.

“ಬಿಡಕ್ಕ, ಪರವಾಗಿಲ್ಲ. ಹೀಗೇ—”

“ತಾ ಅಂದ್ನಲ್ಲ! ಪರವಾಗಿಲ್ಲ ಅಂತೆ ಪರವಾಗಿಲ್ಲ. ಇಷ್ಟು ವರ್ಷ ಕೂತು ಮಾಡಿದ್ದು ಪರವಾಗಿಲ್ಲ ಅನ್ನೋಕಾ?”

ಅವನು ತಗಡು ಹಿಡಿದ, ಅವಳು ಕತ್ತರಿಸಿದಳು. ಈ ಸಲ ಅರವನ್ನು ಹಿಂಬದಿಗೆ ಮಾತ್ರ ತಾಕಿಸಿ ಸಿಬಿರು ತೆಗೆದಳು. ಮುಂದಿನ ಮೂಲೆಯನ್ನು ಹಾಗೇ ಬಿಟ್ಟಳು. ಬಿಡುವುದು ಕಷ್ಟವಾಯಿತು. ಒಂದೊಂದು ಮೂಲೆ ಬಂದಾಗಲೂ ಕೈ ತಾನಾಗಿ ಅರದ ಕಡೆ ಹೋಗುತ್ತಿತ್ತು, ತಮ್ಮ ಮೆಲ್ಲಗೆ “ಹ್ಞೂಂ ಹ್ಞೂಂ” ಎನ್ನುತ್ತಿದ್ದ. ಕೊನೆಯ ಅಕ್ಷರ ಎತ್ತಿಡುವಾಗ ಅವಳ ಬೆರಳೇ ಕುಯ್ದುಕೊಂಡಿತು.

“ನೋಡ್ದಾ? ಕುಯ್ಯತ್ತೆ ಅಂದಿರ್ಲಿಲ್ವಾ?” ಎಂದು ಅವಳು ಗೆದ್ದವಳ ಹಾಗೆ ಬೆರಳು ಎತ್ತಿ ತೋರಿಸಿದಳು. ತಮ್ಮ ನಕ್ಕುಬಿಟ್ಟ. ಅವಳೂ ನಕ್ಕಳು. ಒಳಗಿನಿಂದ ಬಂದ ಏಣಿ, “ನನ್ನ ಜೋಕಿಗೆ ನಗಲ್ಲ, ಕೈ ಕುಯ್ಕೊಂಡು ನಗ್ತಾಳೆ,” ಎಂದು ಗೊಣಗುತ್ತ ಬಟ್ಟೆ ಹುಡುಕಲು ಹೋದ.

ಎಲ್ಲ ಮುಗಿದ ಮೇಲೆ ಮೂವರೂ ಕ್ರೀಡಾಂಗಣಕ್ಕೆ ಹೋದರು. ಸೈಕಲ್ಲುಗಳು ಸುತ್ತು ಹಾಕಲು ಹೊರಟವು. ಮೊದಲು ಗಾಳಿಯ ಸದ್ದು, ಆಮೇಲೆ ಬಣ್ಣ, ಅದರ ನಡುವೆ ಒಂದೇ ಒಂದು ಕ್ಷಣ ಹೆಸರು. ಕಣ್ಣು ಮಿಟುಕಿಸುವಷ್ಟರಲ್ಲಿ ಬಂದು ಹೋಯಿತು, ಆದರೂ ಪೂರ್ತಿ ಓದಿಸಿಕೊಂಡೇ ಹೋಯಿತು. ಅಕ್ಕ ಕಟಕಟೆ ಹಿಡಿದು, ಪ್ರತಿ ಸೈಕಲ್ ಬಂದಾಗಲೂ ಆ ಹೆಸರನ್ನು ಕೂಗಿ ಕೂಗಿ ಓದಿದಳು, ಈಗ ತಾನೆ ಓದಲು ಕಲಿತವಳ ಹಾಗೆ.

“ಇದು ಇಲ್ಲೇ ಇರ್ಬೇಕಾಗಿದ್ದು ಕಣೋ ಮರಿ!” ಎಂದಳು.

ಕಟಕಟೆಯ ಮೇಲೆ ತಮ್ಮನ ಕೈ ಅವಳ ಕೈಯ ಪಕ್ಕಕ್ಕೆ ಬಂದು ಕೂತಿತು.

ಸ್ವಲ್ಪ ಹೊತ್ತಿಗೆ ಕೋಚಮ್ಮ ಅವನನ್ನು ಬದಿಗೆ ಕರೆದಳು. ತುಸು ದೂರದಲ್ಲೇ ಇದ್ದ ಅಕ್ಕನಿಗೆ ಎಲ್ಲ ಕೇಳಿಸುತ್ತಿತ್ತು. ಕೋಚಮ್ಮನಿಗೆ ಮೆಲ್ಲಗೆ ಮಾತಾಡಿ ಗೊತ್ತಿರಲಿಲ್ಲ.

“ನಾವು ನಾಳಿದ್ದು ಹೊರಡ್ತೀವಿ. ಇಲ್ಲಿಂದ ಊರೂರು, ದೇಶ ದೇಶ. ಬಿದ್ರೆ ಸೈಕಲ್ ಬದಲಾಗತ್ತೆ, ಹುಡುಗ್ರು ಬದಲಾಗ್ತಾರೆ, ಪ್ರತಿ ಸಲ ಬರೀಬೇಕು. ಹೆಲ್ಮೆಟ್ಟು, ಜರ್ಸಿ, ಗಾಡಿ, ಎಲ್ಲ ಇದರಲ್ಲೇ ಆಗ್ಬೇಕು. ಇಲ್ಲಿ ಕೂತು ಮಾಡೋ ಕೆಲಸ ಅಲ್ಲ. ನಮ್ಮ ಜೊತೆ ಬಂದ್ಬಿಡು.”

ಅವನನ್ನು ಉಳಿಸಿಕೊಳ್ಳಲೆಂದು ಅಕ್ಕ ಊರೆಲ್ಲ ಸುತ್ತಿದ್ದಳು. ಸುತ್ತಿ ಸುತ್ತಿ, ಅವನು ಹೋಗಬೇಕಾದ ದಾರಿಯನ್ನೇ ಹುಡುಕಿ ತಂದು ಕೊಟ್ಟಿದ್ದಳು.

ಅವನು ಸೈಕಲ್ಲುಗಳ ಕಡೆ ನೋಡಿದ. ಬಹಳ ಹೊತ್ತು ನೋಡಿದ. ಆಮೇಲೆ ದನಿ ತಗ್ಗಿಸಿ ಹೇಳಿದ: “ಆಗಲ್ಲ ಮೇಡಂ. ಅಕ್ಕ ಒಪ್ಪಲ್ಲ.”

ಅವಳು ಸುಮ್ಮನಿದ್ದಿದ್ದರೆ ಸಾಕಿತ್ತು. ಕೇಳಿಸದವಳ ಹಾಗೆ ಅತ್ತ ತಿರುಗಿ ನಿಂತಿದ್ದರೆ ಎಲ್ಲ ಅವಳು ಬಯಸಿದಂತೆಯೇ ಆಗುತ್ತಿತ್ತು. ಅವನು ಮನೆಗೆ ಬರುತ್ತಿದ್ದ, ಮೆಟ್ಟಿಲು ಕಿರುಗುಟ್ಟುತ್ತಿತ್ತು, ಬೆಳಿಗ್ಗೆ ಮತ್ತೆ ಜಗಳವಾಡಬಹುದಾಗಿತ್ತು. ಒಂದು ಗಳಿಗೆ ಅವಳು ಹಾಗೆಯೇ ತಿರುಗಿ ನಿಂತಳು ಕೂಡ. ಆದರೆ ಅವಳಿಗೆ ಆ ತಗ್ಗಿಸಿದ ದನಿಯನ್ನು ತಾಳಿಕೊಳ್ಳಲು ಆಗುತ್ತಿರಲಿಲ್ಲ.

“ಏಯ್! ನಾನು ಯಾವಾಗ ಒಪ್ಪಲ್ಲ ಅಂದೆ?” ಎಂದು ಕ್ರೀಡಾಂಗಣವೇ ಕೇಳುವಂತೆ ಕೂಗಿದಳು. “ನನ್ನ ಹೆಸರಲ್ಲಿ ಸುಳ್ಳು ಹೇಳ್ತೀಯಾ? ಬೆನ್ನ ಹಿಂದೆ?”

“ಅಕ್ಕ, ನೀನೊಬ್ಳೇ—”

“ನಾನೊಬ್ಳೇನಾ? ಇವ್ರೇನು ಗೊಂಬೆನಾ?” ಎಂದು ಏಣಿಯ ತೋಳು ಹಿಡಿದೆಳೆದಳು. “ತಗಡು ಹಿಡಿಯೋಕೆ ನೀನೇ ಆಗ್ಬೇಕಾ? ನನ್ನ ಮುಖ ಏನು ನೋಡ್ತೀಯಾ? ಅಲ್ಲಿ ನೋಡು, ಅಲ್ಲಿ! ನಿನ್ನ ಅಕ್ಷರ ಓಡ್ತಿದೆ, ನೀನು ಇಲ್ಲಿ ನಿಂತಿದೀಯಾ!”

ತಮ್ಮ ಅವಳನ್ನು ನೋಡಿದ. ಅವಳ ಬೈಗುಳವನ್ನು ಮೂವತ್ತು ವರ್ಷ ಕೇಳಿದವನು, ಯಾವುದು ನಿಜವಾದ ಕೋಪ, ಯಾವುದು ಅಲ್ಲ ಎಂದು ಅವನಿಗೆ ಹೇಳಿಕೊಡಬೇಕಾಗಿರಲಿಲ್ಲ. ಬಂದು ಅವಳ ಹೆಗಲಿಗೆ ಹಣೆ ಒತ್ತಿ ನಿಂತ. “ಎಲುಬು ಚುಚ್ಚತ್ತೆ, ಆಚೆ ಸರಿ,” ಎಂದಳು. ದೂಡಲಿಲ್ಲ.

ಹೊರಡುವ ದಿನ ಬೆಳಿಗ್ಗೆ ಬ್ಯಾಗು ತುಂಬುವುದರಲ್ಲಿ ಮತ್ತೆ ಜಗಳವಾಯಿತು. ಸ್ವೆಟರ್ ಬೇಡವೆಂದು ಅವನು, ಬೇಕೆಂದು ಅವಳು. ಅವನು ತೆಗೆದಿಟ್ಟ, ಅವಳು ತುರುಕಿದಳು. ಏಣಿ ಸಂದಿ ನೋಡಿಕೊಂಡು ಅವನ ಜೇಬಿಗೆ ಕಡಲೆ ಮಿಠಾಯಿ ಹಾಕಿ, “ನಿನ್ನ ಪಾಲಿನ ಬೈಗುಳ ಇನ್ಮೇಲೆ ನಂಗೇ ಬರತ್ತಲ್ಲೋ,” ಎಂದು ಕಣ್ಣು ಒರೆಸಿಕೊಂಡ. ತಮ್ಮ ಅವನ ಕಾಲಿಗೆ ಬಾಗಿದ. ಅಕ್ಕನ ಕಾಲಿಗೂ ಬಾಗಲು ಬಂದ. “ಸಾಕು ಸಾಕು, ಹೊತ್ತಾಯ್ತು,” ಎಂದು ಅವಳು ಕಾಲು ಹಿಂದಕ್ಕೆಳೆದುಕೊಂಡು, ಅವನ ತಲೆಗೂದಲನ್ನು ಕೈಯಿಂದ ಒಮ್ಮೆ ಒತ್ತಿ ಸರಿಮಾಡಿದಳು. ಅದು ಮತ್ತೆ ಎದ್ದು ನಿಂತಿತು.

ಅವನು ಬ್ಯಾಗು ಹೆಗಲಿಗೇರಿಸಿ ಬೀದಿಗಿಳಿದ. ಅವನು ತಿರುಗಿ ನೋಡಿಯಾನೆಂದು ಅಕ್ಕ ಅರ್ಧ ತೆರೆದ ಶಟರಿನ ಕೆಳಗೆ ನಿಂತಿದ್ದಳು. ತಿರುಗಿದರೆ ಕೈ ಬೀಸುವುದೋ, ನೆಟ್ಟಗೆ ನಡೆ ಎಂದು ಬೈಯುವುದೋ ಅವಳಿನ್ನೂ ತೀರ್ಮಾನಿಸಿರಲಿಲ್ಲ. ಅವನು ತಿರುಗಲಿಲ್ಲ. ಚಿಕ್ಕಂದಿನಿಂದಲೂ ಅವನು ನಡೆಯುತ್ತಿದ್ದುದೇ ಹಾಗೆ, ನೆಲ ನೋಡದೆ, ಎರಡೂ ಬದಿಯ ಬೋರ್ಡುಗಳ ಕಡೆ ಕತ್ತೆತ್ತಿಕೊಂಡು. ಔಷಧಿ ಅಂಗಡಿಯದನ್ನು ಓದಿದ, ಗಡಿಯಾರದ ಅಂಗಡಿಯದನ್ನು ಓದಿದ, ತಿರುವಿನಲ್ಲಿ ಯಾವುದೋ ಒಂದರ ಕೆಳಗೆ ನಿಂತು ತಲೆ ಓರೆ ಮಾಡಿ ನೋಡಿದ. ಆಮೇಲೆ ಆ ತಿರುವು ದಾಟಿ ಹೋದ. ತಂಡದ ಜೊತೆ ಊರೂರು ತಿರುಗುವವನಾದ ಮೇಲೆ ಆ ಬೀದಿಗೆ ಅವನು ಮತ್ತೆ ಬರಲಿಲ್ಲ.